ಇಲಿಯ ಫಿಟ್ಸ್, ವಿಟಮಿನ್ ಇ ಮತ್ತು ನಾನು ಅಳೆದದ್ದು

ನಮ್ಮ ಹಾಸನದ ಕಡೆ ಯಾರಿಗಾದರೂ ಫಿಟ್ಸ್ ಬಂದರೆ ಜನ ಮೊದಲು ಹುಡುಕುವುದು ಬೀಗದ ಕೈಯನ್ನು. ಕಬ್ಬಿಣ ಹಿಡಿಸಿದರೆ ನಿಲ್ಲುತ್ತದೆ ಅಂತ. ಎಂ.ಫಾರ್ಮದಲ್ಲಿ ಫಾರ್ಮಕಾಲಜಿ ಓದುವಾಗ 1978ರ ಒಂದು ಸಂಶೋಧನೆ ಸಿಕ್ಕಿತು. ಅಮೆರಿಕದ ವಿಲ್ಮೋರ್ ಮತ್ತು ಸಂಗಡಿಗರು ಇಲಿಯ ಮಿದುಳಿನ ಹೊರಪದರಕ್ಕೆ ಕಬ್ಬಿಣದ ಲವಣ ಚುಚ್ಚಿ, ಮತ್ತೆ ಮತ್ತೆ ಮರುಕಳಿಸುವ ಫಿಟ್ಸನ್ನೇ ಹುಟ್ಟಿಸಿದ್ದರು. ತಲೆಗೆ ಪೆಟ್ಟಾಗಿ ಒಳಗೆ ಸೋರಿದ ರಕ್ತದಿಂದ ಬರುವುದೂ ಕಬ್ಬಿಣವೇ. ಅದರಿಂದ ಹುಟ್ಟುವ ಫ್ರೀ ರ‍್ಯಾಡಿಕಲ್‌ಗಳು ನರಕೋಶದ ಪೊರೆಯ ಕೊಬ್ಬನ್ನು ಕೆಡಿಸುತ್ತವೆ, ಹಳೇ ಕೊಬ್ಬರಿ ಕಮಟು ಹಿಡಿದ ಹಾಗೆ. ಮೊದಲೇ ವಿಟಮಿನ್ ಇ ಕೊಟ್ಟಿದ್ದರೆ ಇದನ್ನು ತಡೆಯಬಹುದು ಎಂದು ಅದೇ ತಂಡ ಆಮೇಲೆ ತೋರಿಸಿತು.

ಬಿ.ಎಂ. ರಸ್ತೆಯಲ್ಲಿ ಬೈಕಿನಿಂದ ಬಿದ್ದ ಮೇಲೆ ನನ್ನ ಚಿಕ್ಕಮ್ಮನ ಮಗನಿಗೆ ಫಿಟ್ಸ್ ಶುರುವಾಗಿತ್ತು. ಹಾಗಾಗಿ ಪ್ರಾಜೆಕ್ಟಿಗೆ ನಾನು ಬೇರೆ ವಿಷಯ ಹುಡುಕಲೇ ಇಲ್ಲ.

ಪ್ರಾಣಿ ಪ್ರಯೋಗದ ನೈತಿಕ ಸಮಿತಿಯ ಒಪ್ಪಿಗೆ ಬಂದ ಮೇಲೆ ಕೆಲಸ ಹಿಡಿದೆ. ಮಿದುಳಿಗೆ ಕಬ್ಬಿಣ ಚುಚ್ಚುವ ಶಸ್ತ್ರಚಿಕಿತ್ಸೆಗೆ ನಮ್ಮಲ್ಲಿ ಅನುಕೂಲ ಇರಲಿಲ್ಲ, ಹಾಗಾಗಿ ಫಿಟ್ಸ್ ಬರಿಸುವ ಪೆಂಟಿಲೀನ್‌ಟೆಟ್ರಜೋಲ್ ಎಂಬ ರಾಸಾಯನಿಕ ಆರಿಸಿಕೊಂಡೆವು. ಮಿದುಳಿಗೆ ಬ್ರೇಕಿನಂತಿರುವ ಗಾಬಾದ ಕೆಲಸಕ್ಕೆ ಇದು ಅಡ್ಡಿ ಮಾಡುತ್ತದೆ. ಕೆ.ಜಿ. ತೂಕಕ್ಕೆ 35 ಮಿಲಿಗ್ರಾಂ, ದಿನ ಬಿಟ್ಟು ದಿನ. ಮೊದಲ ಚುಚ್ಚುಮದ್ದಿಗೆ ಇಲಿ ಸುಮ್ಮನೆ ಕೂತಿರುತ್ತದೆ. ಪುಳ್ಳೆ ಒಂದೊಂದಾಗಿ ಇಟ್ಟು ಒಲೆ ಹತ್ತಿಸಿದಂತೆ, ಕೆಲವು ವಾರಗಳಲ್ಲಿ ಅದೇ ಪ್ರಮಾಣಕ್ಕೆ ಪೂರ್ತಿ ಫಿಟ್ಸ್ ಬರುತ್ತದೆ. ಇದಕ್ಕೆ ಕಿಂಡ್ಲಿಂಗ್ ಅನ್ನುತ್ತಾರೆ. ಒಂದು ಗುಂಪಿಗೆ ಮೊದಲಿಂದಲೇ ವಿಟಮಿನ್ ಇ ಕುಡಿಸಿದೆವು. ಅದು ನೀರಿನಲ್ಲಿ ಕರಗದೆ ಎಣ್ಣೆಯಲ್ಲಿ ಕರಗುವುದರಿಂದ ವಿಟಮಿನ್ ಕೊಡದ ಹೋಲಿಕೆಯ ಗುಂಪಿಗೂ ಅಷ್ಟೇ ಎಣ್ಣೆ ಕುಡಿಸಲೇಬೇಕು. ಇಲ್ಲದಿದ್ದರೆ ಗುಣ ಎಣ್ಣೆಯದೋ ವಿಟಮಿನ್ನಿನದೋ ತಿಳಿಯುವುದಿಲ್ಲ.

ಚುಚ್ಚಿದ ಮೇಲೆ ಅರ್ಧ ಗಂಟೆ ಕಣ್ಣು ಕೀಳುವಂತಿಲ್ಲ. ಮೊದಲು ಮೀಸೆ, ಮುಖ ಅದುರುತ್ತವೆ. ಆಮೇಲೆ ತಲೆ ಕುಣಿಯುತ್ತದೆ, ಮುಂಗಾಲು ಪಟಪಟ ಹೊಡೆದುಕೊಳ್ಳುತ್ತವೆ. ನಂತರ ಹಿಂಗಾಲ ಮೇಲೆ ಎದ್ದು ನಿಲ್ಲುತ್ತದೆ. ಕೊನೆಗೆ ಹಾಗೇ ಪಕ್ಕಕ್ಕೆ ಉರುಳುತ್ತದೆ. 1972ರಲ್ಲಿ ರಸೀನ್ ಎಂಬ ಸಂಶೋಧಕ ರೂಪಿಸಿದ ಐದು ಹಂತಗಳು ಇವೇ. ಮುಟ್ಟಿದ ಹಂತವೇ ಇಲಿಯ ಅಂಕ. ಮೊದಲ ಸಲ ಐದನೇ ಹಂತ ನೋಡಿದ ದಿನ ನನಗೆ ಊಟ ಸೇರಲಿಲ್ಲ. ದೀಪಾವಳಿ ಹೊತ್ತಿಗೆ ಹಾಸನಾಂಬೆ ಬಾಗಿಲು ತೆರೆದು ಊರೆಲ್ಲ ಜನ, ರಾತ್ರಿ ಪಟಾಕಿ. ಸದ್ದಿಗೆ ಬೆಚ್ಚಿದ ಇಲಿಗಳ ಲೆಕ್ಕವೇ ಬೇರೆ ಬರುತ್ತದೆಂದು ಆ ದಿನಗಳಲ್ಲಿ ಚುಚ್ಚುಮದ್ದು ನಿಲ್ಲಿಸಿದೆವು.

ಎಲ್ಲ ಮುಗಿದಾಗ ಫಲಿತಾಂಶ ಚೆನ್ನಾಗೇ ಕಂಡಿತು. ವಿಟಮಿನ್ ಕುಡಿದ ಇಲಿಗಳಿಗೆ ಫಿಟ್ಸ್ ತಡವಾಗಿ ಬಂದಿತ್ತು, ಹಂತವೂ ಕಡಿಮೆ. ನಮ್ಮ ಮೇಡಂ ಕೇಳಿದ್ದು ಒಂದೇ ಪ್ರಶ್ನೆ: "ಅಂಕ ಹಾಕುವಾಗ ಯಾವ ಇಲಿ ಯಾವ ಗುಂಪಿನದು ಅಂತ ನಿನಗೆ ಗೊತ್ತಿತ್ತಲ್ಲವಾ?" ಗೊತ್ತಿತ್ತು. ಬಾಲದ ಗುರುತು ನಾನೇ ಹಾಕಿದ್ದೆ. ವಿಡಿಯೋಗಳಿಗೆ ಬೇರೆಯವರಿಂದ ಸಂಕೇತ ಸಂಖ್ಯೆ ಕೊಡಿಸಿ ಮೊದಲಿಂದ ನೋಡಿದೆ. ಅಂತರ ಉಳಿಯಿತು, ಆದರೆ ಮೊದಲಿನಷ್ಟಲ್ಲ. ತಲೆ ಕುಣಿದದ್ದೋ ಸುಮ್ಮನೆ ಮೂಸಿ ನೋಡಿದ್ದೋ ಎಂಬ ಅನುಮಾನ ಬಂದ ಕಡೆಯೆಲ್ಲ ನಾನು ವಿಟಮಿನ್ ಇಲಿಗಳ ಪರ ವಾಲಿದ್ದೆ. ಇಂಥ ಪ್ರಾಣಿ ಪ್ರಯೋಗದ ವರದಿ ಕೈಗೆ ಬಂದರೆ ಈಗ ನಾನು ಮೊದಲು ನೋಡುವುದು, ಅಂಕ ಹಾಕಿದವರಿಗೆ ಗುಂಪು ಗೊತ್ತಿತ್ತೇ ಎಂದು.

ಮಿದುಳಿನ ಅಂಗಾಂಶ ಅರೆದು, ಕೊಬ್ಬು ಕೆಟ್ಟಾಗ ಹುಟ್ಟುವ ಎಂಡಿಎ ಎಂಬ ವಸ್ತುವನ್ನು ಅಳೆದೆ. ಕೊಬ್ಬು ಕೆಟ್ಟಷ್ಟೂ ಪರೀಕ್ಷಾ ನಳಿಕೆಯ ಗುಲಾಬಿ ಬಣ್ಣ ಗಾಢವಾಗುತ್ತದೆ, 532 ನ್ಯಾನೋಮೀಟರಿನಲ್ಲಿ ಓದಬೇಕು. ವಿಟಮಿನ್ ಗುಂಪಿನ ನಳಿಕೆಗಳು ಬರಿಗಣ್ಣಿಗೇ ತಿಳಿಯಾಗಿದ್ದವು. ಇದರಲ್ಲಿ ನನ್ನ ಕಣ್ಣಿನ ಪಕ್ಷಪಾತಕ್ಕೆ ಜಾಗವಿಲ್ಲ, ಅಂಕಿ ಯಂತ್ರದ್ದು. ಆದರೆ ಆಗಲೇ ಪೂರ್ತಿ ಫಿಟ್ಸ್ ಹತ್ತಿಕೊಂಡಿದ್ದ ಕೆಲವು ಇಲಿಗಳಿಗೆ ಎರಡು ವಾರ ವಿಟಮಿನ್ ಕೊಟ್ಟು ನೋಡಿದಾಗ ಗುಲಾಬಿ ತಿಳಿಯಾಯಿತು, ಫಿಟ್ಸ್ ತಿಳಿಯಾಗಲಿಲ್ಲ. ಇಲಿಗಳು ತೀರಾ ಕಡಿಮೆ, ಅದರಿಂದ ತೀರ್ಮಾನ ಹೇಳುವಂತಿಲ್ಲ. ಆದರೂ ನನ್ನನ್ನು ತಡೆದು ನಿಲ್ಲಿಸಿದ್ದು ಅದೇ. ಕೊಬ್ಬು ಕೆಡುವುದನ್ನು ತಡೆಯುವುದು ಬೇರೆ, ಹತ್ತಿಕೊಂಡ ಫಿಟ್ಸ್ ಆರಿಸುವುದು ಬೇರೆ.

ಮನುಷ್ಯರ ಕಥೆಯೂ ಹೀಗೇ. 1989ರಲ್ಲಿ 24 ಮಕ್ಕಳ ಸಣ್ಣ ಪ್ರಯೋಗವೊಂದರಲ್ಲಿ ವಿಟಮಿನ್ ಇ ಇಂದ ಒಳ್ಳೆಯ ಗುಣ ಕಂಡಿತು. 1994ರಲ್ಲಿ ಪ್ರಕಟವಾದ ದೆಹಲಿಯ ಪ್ರಯೋಗದಲ್ಲಿ ಹತೋಟಿಗೆ ಬಾರದ ಫಿಟ್ಸ್ ಇದ್ದವರಿಗೆ ಲಾಭ ಕಾಣಲಿಲ್ಲ.

ಪ್ರಾಜೆಕ್ಟ್ ಮುಗಿದ ಮೇಲೆ ಆಲೂರಿಗೆ ಹೋಗಿದ್ದೆ. ಚಿಕ್ಕಮ್ಮ ಬ್ಯಾಗಿನಿಂದ ಹಸಿರು ಕ್ಯಾಪ್ಸೂಲಿನ ಪಟ್ಟಿ ತೆಗೆದು, "ಇಲಿಗೆ ಇದೇ ಕೊಟ್ಟೆ ಅಂದ್ಯಲ್ಲ ಮಗಾ, ಇದ್ ಕೊಟ್ರೆ ಹುಡುಗನ ಆ ಫಿಟ್ಸ್ ಮಾತ್ರೆ ಬಿಡಿಸ್ಬೋದಾ?" ಅಂದರು. ಅಲ್ಲೇ ಕ್ಯಾಲೆಂಡರಿನ ಹಿಂದೆ ಲೆಕ್ಕ ಬರೆದು ತೋರಿಸಿದೆ. ಇಲಿಗೆ ಕೆ.ಜಿ.ಗೆ 200 ಮಿಲಿಗ್ರಾಂ. ಮನುಷ್ಯನಿಗೆ ಇಳಿಸಲು 6.2ರಿಂದ ಭಾಗಿಸಿದರೆ ಸುಮಾರು 32. ಅರವತ್ತು ಕೆ.ಜಿ. ಹುಡುಗನಿಗೆ ದಿನಕ್ಕೆ 1,900 ಮಿಲಿಗ್ರಾಂ ದಾಟುತ್ತದೆ, 400ರ ಕ್ಯಾಪ್ಸೂಲ್ ಹತ್ತಿರ ಹತ್ತಿರ ಐದು. ಅಷ್ಟು ನುಂಗಿದರೆ ರಕ್ತ ಹೆಪ್ಪುಗಟ್ಟುವುದಕ್ಕೇ ತೊಂದರೆಯಾಗಬಹುದು. "ಅದೂ ಅಲ್ದೆ ನಾನು ಕೊಟ್ಟಿದ್ದು ಫಿಟ್ಸ್ ಬರೋಕೆ ಮುಂಚೆ, ಚಿಕ್ಕಮ್ಮ. ಮಾತ್ರೆ ಒಂದು ಹೊತ್ತೂ ತಪ್ಪಿಸ್ಬೇಡಿ. ತಟ್ಟನೆ ಬಿಟ್ರೆ ಫಿಟ್ಸ್ ನಿಲ್ಲದೇ ಬರಬಹುದು. ಡಾಕ್ಟ್ರನ್ನ ಕೇಳದೆ ಏನೂ ಬದಲಾಯಿಸ್ಬೇಡಿ."

ಅವರು ಪಟ್ಟಿಯನ್ನು ಬ್ಯಾಗಿಗೆ ಹಾಕಿಕೊಂಡರು. "ಮತ್ತೆ ಬೀಗದ ಕೈ?" ಎಂದು ಕೇಳಿದರು. ಅದನ್ನು ಬದಿಗಿಟ್ಟು ಹುಡುಗನನ್ನು ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನನ್ನೂ ತುರುಕಬೇಡಿ, ಗಡಿಯಾರ ನೋಡಿಕೊಳ್ಳಿ, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಕರೆದುಕೊಂಡು ಹೊರಡಿ ಅಂದೆ.