ಇಂಟರ್ನೆಟ್ ಇಲ್ದೆ ಸೈನ್ಸ್ ಕ್ಲಾಸ್ ಓಡಿಸಿದ್ದು: ನನ್ನ ಅನುಭವ

ಒಂದು ಪುಟಾಣಿ ಕಂಪ್ಯೂಟರ್ ಇಟ್ಕೊಂಡು ಇಂಟರ್ನೆಟ್ ಇಲ್ದೆ ಸೈನ್ಸ್ ಪಾಠ ಶುರು ಮಾಡಿದಾಗ "ಮೂರು ತಿಂಗಳಲ್ಲಿ ಮೂಲೆ ಸೇರತ್ತೆ ಬಿಡಿ ಮೇಡಂ" ಅಂದಿದ್ದ ಟೀಚರ್‌ಗಳೇ ಈಗ ತಮ್ಮ ಪೀರಿಯಡ್‌ಗೆ ಫೋನ್ ಇಟ್ಟಿರೋ ಟ್ರೇ ಕೊಡಿ ಅಂತ ಬರ್ತಿದಾರೆ, ಅದಕ್ಕೇ ಬರೀತಿದೀನಿ. ನಮ್ದು ಬೆಂಗಳೂರಿನ ಪೀಣ್ಯ ಕಡೆ ಕನ್ನಡ ಮೀಡಿಯಂ ಹೈಸ್ಕೂಲು.

ಸೆಟಪ್ ಇಷ್ಟೇ, ಅಂಗೈಯಗಲದ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 4, ಅದರಲ್ಲಿ ನೆಟ್ ಇಲ್ದೆ ಪಾಠ ತೋರಿಸೋ ಕೊಲಿಬ್ರಿ, ವೆಬ್‌ಸೈಟನ್ನ ನೆಟ್ ಇಲ್ದೆ ಓದಿಸೋ ಕಿವಿಕ್ಸ್‌ನಲ್ಲಿ ಕನ್ನಡ ವಿಕಿಪೀಡಿಯ, ಡೌನ್‌ಲೋಡ್ ಮಾಡಿಟ್ಟ ಫೆಟ್ ಸಿಮ್ಯುಲೇಶನ್‌ಗಳು, ಅಂದ್ರೆ ಸ್ಕ್ರೀನ್ ಮೇಲೇ ಮಾಡೋ ಪ್ರಯೋಗಗಳು. ಇದನ್ನೆಲ್ಲ ಮಕ್ಕಳು ನೋಡೋಕೆ ಟ್ಯಾಬೋ ಫೋನೋ ಬೇಕು. ಮೊದಲು ಚೀಟಿ ಎತ್ತಿದ ದುಡ್ಡಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರೋ ಎಸ್.ಪಿ. ರೋಡಿಂದ ಹಳೇ ಟ್ಯಾಬ್ ಆರು ತಂದೆ, ಒಂದೊಂದಕ್ಕೆ ಎರಡೂವರೆ ಸಾವಿರ ಇರ್ಬೇಕು, ದಸರಾ ರಜೆಗೆ ಮುಂಚೆನೇ ನಾಲ್ಕರ ಬ್ಯಾಟರಿ ಊದ್ಕೊಂಡ್ವು. ಮನೇಲಿ ಇವತ್ತಿಗೂ ಆಡ್ಕೋತಾರೆ. ಆಮೇಲೆ ಪೇರೆಂಟ್ಸ್ ಮೀಟಿಂಗಲ್ಲಿ ಮನೇಲಿ ಬಿದ್ದಿರೋ ಫೋನ್ ಕೊಡಿ ಅಂದೆ, 14 ಬಂತು, 9 ಬದುಕಿತ್ತು. ಒಂದು ಫೋನ್‌ಗೆ ಮೂರು ಮಕ್ಕಳು, ಒಬ್ಬ ಒತ್ತೋನು, ಒಬ್ಳು ಬರೆಯೋಳು, ಇನ್ನೊಬ್ಬ ಜಗಳ ಆಡೋನು. ತಲೆಗೊಂದು ಕೊಟ್ಟಿದ್ರೆ ಇಷ್ಟು ಕಲೀತಿರ್ಲಿಲ್ಲ.

ನಿಜವಾದ ಶತ್ರು ಕರೆಂಟು. ದಿಢೀರ್ ಅಂತ ಹೋಗಿ ಹೋಗಿ, ಪೈನಲ್ಲಿ ಎಲ್ಲಾ ತುಂಬಿಟ್ಟಿರೋ ಎಸ್‌ಡಿ ಕಾರ್ಡ್ ಮೂರು ಸಲ ಕೆಟ್ಟೋಯ್ತು, ಪ್ರತಿ ಸಲ ಎಲ್ಲಾ ತುಂಬೋಕೆ ರಾತ್ರಿ ಪೂರ್ತಿ. ಪವರ್ ಬ್ಯಾಂಕ್ ಹಾಕಿದೆ, ಕರೆಂಟ್ ಹೋದಾಗೆಲ್ಲ ಅರೆಕ್ಷಣ ತಪ್ಪಿ ಪೈ ರೀಸ್ಟಾರ್ಟ್ ಆಗೋದು. ಕೊನೆಗೆ ಕೈಹಿಡಿದಿದ್ದು ರೌಟರ್‌ಗೆ ಹಾಕೋ 12 ವೋಲ್ಟ್ ಮಿನಿ ಯುಪಿಎಸ್, ಆ ವೋಲ್ಟೇಜನ್ನ ಪೈಗೆ ಬೇಕಾದಷ್ಟಕ್ಕೆ ಇಳಿಸೋಕೆ ಒಂದು ಬಕ್ ಕನ್ವರ್ಟರ್, ಕಾರ್ಡ್ ಬದಲು ಕಂಪ್ಯೂಟರ್‌ಗೆ ಹಾಕೋ ಹಳೇ ಎಸ್‌ಎಸ್‌ಡಿ ಡ್ರೈವ್. ಎಲ್ಲಾ ಸೇರಿ ಎರಡು ಸಾವಿರದೊಳಗೆ. ಮಕ್ಕಳು ಫೋನಿಂದ ಫೋನಿಗೆ ಗೇಮ್ ಹಾಕ್ಕೊಳ್ಳೋದನ್ನ ಹೇಗೆ ನಿಲ್ಲಿಸಿದೆ ಅಂತ ಮಾತ್ರ ಬರೆಯಲ್ಲ, ನಮ್ಮ ಹುಡುಗ್ರೂ ಇದನ್ನ ಓದ್ತಾರೆ.

ಹತ್ತನೇ ಕ್ಲಾಸಿನ ವಿದ್ಯುಚ್ಛಕ್ತಿ ಪಾಠದಲ್ಲಿ ಸರಣಿಯಲ್ಲಿ ಜೋಡಿಸಿದ ಮೊದಲನೇ ಬಲ್ಬು ಕರೆಂಟ್ ತಿಂದು ಮಿಕ್ಕಿದ್ದನ್ನ ಎರಡನೇದಕ್ಕೆ ಬಿಡತ್ತೆ ಅಂತ್ಲೇ ಮಕ್ಕಳ ಲೆಕ್ಕ. ಫೆಟ್‌ನಲ್ಲಿ ಎರಡೂ ಕಡೆ ಅಮ್ಮೀಟರ್ ಇಟ್ರೆ ಒಂದೇ ರೀಡಿಂಗ್, ಆದ್ರೂ ಒಬ್ಳು "ಮಿಸ್, ಫೋನ್ ಸುಳ್ಳು ಹೇಳ್ತಿದೆ" ಅಂದ್ಲು. ಸರಿ, ಮಾರನೇ ದಿನ ನಿಜವಾದ ಬಲ್ಬು, ಸೆಲ್ಲು, ಮಲ್ಟಿಮೀಟರ್ ಪಕ್ಕದಲ್ಲೇ ಇಟ್ಟೆ, ಆಗ ಒಪ್ಪಿದ್ರು. ಅವತ್ತಿಂದ ಸ್ಕ್ರೀನ್ ಒಂದನ್ನೇ ನಂಬಿ ಪಾಠ ಮಾಡಿಲ್ಲ. ಮೊದಲು ನಲವತ್ತರಲ್ಲಿ ಹನ್ನೆರಡೋ ಹದಿಮೂರೋ ಜನ ಬಿಡಿಸ್ತಿದ್ದ ಸರಣಿ-ಸಮಾಂತರ ಲೆಕ್ಕ ಹೋದ ಸಲ ಮೂವತ್ತು ದಾಟ್ತು.

ಇದರ ಮಧ್ಯೆ ಇನ್ನೊಂದು ಹುಚ್ಚು, ಫೋನಿನ ಸೆನ್ಸರ್‌ನಿಂದಲೇ ಅಳತೆ ತೆಗೆಯೋ ಫೈಫಾಕ್ಸ್ ಆಪ್ ಹಾಕಿ ನಾಗಸಂದ್ರದಿಂದ ಯಶವಂತಪುರದವರೆಗೆ ಮೆಟ್ರೋದಲ್ಲಿ ವೇಗೋತ್ಕರ್ಷ ಅಳೆದ್ವಿ. ಟ್ರೈನ್ ಹೊರಟಾಗ 1 m/s² ಆಸುಪಾಸು ಬಂತು, ಗ್ರಾಫ್ ನೋಡೇ ಎಷ್ಟು ಸ್ಟೇಷನ್ ಅಂತ ಎಣಿಸಿದ್ರು. ಮುಂದಿನ ಸಲ ಬಸ್ಸಲ್ಲಿ ಮಾಡೋಣ ಅಂದೆ, "ಗ್ರಾಫ್ ಸ್ಕ್ರೀನಿಂದ ಆಚೆ ಹೋಗತ್ತೆ ಮಿಸ್" ಅಂತಾವೆ.