ಕಾರವಾರದ ಸೆಕೆಯಲ್ಲಿ ವೈನ್ ರುಚಿ ನೋಡುವ ಬಗೆ

ರೆಡ್ ವೈನ್ ‘ರೂಮ್ ಟೆಂಪರೇಚರ್’ನಲ್ಲಿರಬೇಕು ಎಂಬುದು ಚಳಿದೇಶದ ಮನೆಗಳಿಗೆ ಹೇಳಿದ ಮಾತು. ಬೇಸಿಗೆಯಲ್ಲಿ ಕಾರವಾರದ ಕೋಣೆ 30 ಡಿಗ್ರಿ ದಾಟಿರುತ್ತದೆ. ಆ ಬಿಸಿಗೆ ಆಲ್ಕೋಹಾಲ್ ಮೂಗಿಗೆ ಹೊಡೆದು ಹಣ್ಣಿನ ಪರಿಮಳವೇ ತಿಳಿಯುವುದಿಲ್ಲ. ಬೈಗುಳ ಮಾತ್ರ ವೈನರಿಗೆ. ರೆಡ್‌ಗೆ 16–18 ಡಿಗ್ರಿ, ವೈಟ್‌ಗೆ 8–12 ಡಿಗ್ರಿ ಸರಿ. ರೆಡ್ ಬಾಟಲಿಯನ್ನು ಒಂದೂವರೆ ಗಂಟೆ ಫ್ರಿಜ್‌ನಲ್ಲಿಡಿ. ವೈಟ್ ರಾತ್ರಿಯಿಡೀ ಅಲ್ಲೇ ಇರಲಿ, ಸುರಿಯುವ ಹತ್ತು ನಿಮಿಷ ಮೊದಲು ತೆಗೆಯಿರಿ. ಅವಸರವಿದ್ದರೆ ಬಕೆಟ್‌ಗೆ ಅರ್ಧ ಐಸು, ಅರ್ಧ ನೀರು, ಒಂದು ಮುಷ್ಟಿ ಉಪ್ಪು. ಮೀನುಪೇಟೆಯ ಐಸಾದರೂ ಬಾಟಲಿಗೆ ತೊಂದರೆಯಿಲ್ಲ, ಅದನ್ನು ಮುಟ್ಟಿದ ಕೈಯಲ್ಲಿ ಗ್ಲಾಸ್ ಹಿಡಿಯಬೇಡಿ.

ಮೊದಲು ಖಾಲಿ ಗ್ಲಾಸನ್ನೇ ಮೂಸಿ. ಮಳೆಗಾಲದಲ್ಲಿ ಕಪಾಟಿನಲ್ಲಿ ಬೋರಲಾಗಿಟ್ಟ ಗ್ಲಾಸಿಗೆ ಮುಗ್ಗಲು ವಾಸನೆ ಹತ್ತಿರುತ್ತದೆ. ಕಾರ್ಕ್ ಕೆಟ್ಟ ವೈನಿನ ವಾಸನೆಯೂ ಹೆಚ್ಚುಕಡಿಮೆ ಅದೇ: ಒದ್ದೆ ರಟ್ಟು, ಒದ್ದೆ ಪೇಪರು. ಎರಡನ್ನೂ ಗೊಂದಲ ಮಾಡಿಕೊಂಡು ಒಳ್ಳೆಯ ಬಾಟಲಿ ಚೆಲ್ಲುವವರಿದ್ದಾರೆ. ಗ್ಲಾಸನ್ನು ಬಿಸಿನೀರಲ್ಲಿ ತೊಳೆದು ಗಾಳಿಗೆ ಒಣಗಿಸಿ. ಊದುಬತ್ತಿ, ಮೀನು ಹುರಿಯುವುದು, ಬಾಯಲ್ಲಿ ಕವಳ (ಎಲೆಅಡಿಕೆ) ಯಾವುದೂ ಆಗ ಬೇಡ.

ವೈಟ್ ಮೊದಲು, ರೆಡ್ ಆಮೇಲೆ, ಸಿಹಿಯದು ಕೊನೆಗೆ. ಒಬ್ಬರಿಗೆ 50 ಮಿಲಿ ಸಾಕು, 750 ಮಿಲಿ ಬಾಟಲಿ ಹದಿನೈದು ಮಂದಿಗಾಯಿತು. ಬಿಳಿ ಹಾಳೆಯ ಮೇಲೆ ಗ್ಲಾಸನ್ನು ಓರೆ ಮಾಡಿ ಅಂಚಿನ ಬಣ್ಣ ನೋಡಿ. ಎಳೆಯ ರೆಡ್‌ನ ಅಂಚು ನೇರಳೆ, ಹಳೆಯದಾದಂತೆ ಇಟ್ಟಿಗೆ ಕೆಂಪು. ಎಳೆಯ ವೈಟ್ ಚಹಾ ಡಿಕಾಕ್ಷನ್‌ನಂತೆ ಕಂದಿದ್ದರೆ ಗಾಳಿ ತಾಗಿದೆ. ತಳದಲ್ಲಿ ಕಲ್ಲುಸಕ್ಕರೆ ಪುಡಿಯಂಥ ಹರಳಿದ್ದರೆ ಹೆದರಬೇಡಿ, ಅದು ದ್ರಾಕ್ಷಿಯದೇ ಟಾರ್ಟರಿಕ್ ಆಮ್ಲದ ಲವಣ. ಬಾಟಲಿಗೆ ತುಂಬುವ ಮುನ್ನ ಸಾಕಷ್ಟು ತಂಪಿನಲ್ಲಿಡದ ವೈನ್‌ನಲ್ಲಿ ಇದು ಸಾಮಾನ್ಯ.

ಗ್ಲಾಸ್ ಅಲ್ಲಾಡಿಸದೆ ಒಮ್ಮೆ, ತಿರುಗಿಸಿ ಒಮ್ಮೆ ಮೂಸಿ. ಸಾವಿನ್ಯೋಂ ಬ್ಲಾಂಕ್ ಎಂಬ ವೈಟ್‌ನಲ್ಲಿ ಪೇರಲೆ, ನಿಂಬೆ, ಕೊಯ್ದ ಹುಲ್ಲು. ಶಿರಾಜ್ ಎಂಬ ರೆಡ್‌ನ ಕಾಳುಮೆಣಸಿನ ಪರಿಮಳ ಶಿರಸಿಯವರ ಮೂಗಿಗೆ ಬೇಗ ಸಿಗುತ್ತದೆ. ರೊಟಂಡೋನ್ ಎಂಬ ಒಂದೇ ವಸ್ತು ಶಿರಾಜ್‌ನಲ್ಲೂ ಕಾಳುಮೆಣಸಿನಲ್ಲೂ ಇದೆ. ವಿನೆಗರ್ ಅಥವಾ ನೈಲ್ ಪಾಲಿಶ್ ಘಾಟಿದ್ದರೆ ದೋಷ, ಹೋಗುವುದಿಲ್ಲ. ಕೊಳೆತ ಮೊಟ್ಟೆ ವಾಸನೆ ಹೋಗಬಹುದು: ಜಗ್‌ಗೆ ಸುರಿದು ಇಪ್ಪತ್ತು ನಿಮಿಷ ಬಿಡಿ.

ಈಗ ಎರಡು ಚಮಚದಷ್ಟು ಬಾಯಿಗೆ. ಐದಾರು ಸೆಕೆಂಡು ಹೊರಳಿಸಿ ಉಗುಳಿ. (ಕವಳದ ಸೀಮೆಯವರಿಗೆ ಇದನ್ನು ಕಲಿಸಬೇಕಿಲ್ಲ.) ಹುಳಿ ಮತ್ತು ಒಗರನ್ನು ಬೇರ್ಪಡಿಸುವಲ್ಲೇ ಹೆಚ್ಚಿನವರು ಎಡವುತ್ತಾರೆ. ಅಪ್ಪೆಮಿಡಿ ಕಚ್ಚಿದಂತೆ ನಾಲಿಗೆಯ ಪಕ್ಕದಲ್ಲಿ ನೀರೂರಿದರೆ ಹುಳಿ. ಹಸಿ ಅಡಿಕೆ ಅಗಿದಂತೆ ಒಸಡು ಒಣಗಿ ಕೆನ್ನೆ ಬಿಗಿದರೆ ಒಗರು. ರೆಡ್‌ಗೆ ಒಗರು ಬೇಕು, ಅದು ಸಿಪ್ಪೆ ಬೀಜಗಳಿಂದ ಬರುವುದು. ಆದರೆ ಚೊಗರು (ಅಡಿಕೆ ಬೇಯಿಸಿದ ಗಟ್ಟಿ ನೀರು) ನೆಕ್ಕಿದ ಹಾಗೆ ಕಹಿಯೂ ಸೇರಿದ್ದರೆ ಬೀಜ ಬಲಿತಿರಲಿಲ್ಲ, ಇಲ್ಲವೇ ಗಟ್ಟಿಯಾಗಿ ಹಿಂಡಿದ್ದಾರೆ. ವೈಟ್‌ನಲ್ಲೂ ಅದೇ ಒಗರು ಎದ್ದು ಕಂಡರೆ ಅಂಕ ಕಡಿಮೆ ಮಾಡಿ. ಉಗುಳಿದ ಮೇಲೆ ಎಣಿಸಿ: ಐದು ಸೆಕೆಂಡಿನೊಳಗೆ ರುಚಿ ಮಾಯವಾದರೆ ತೆಳು, ಹತ್ತು ದಾಟಿದರೆ ಒಳ್ಳೆಯದು. ನಡುನಡುವೆ ನೀರು, ಸಪ್ಪೆ ಪಾವ್. ಮೀನು ಸಾರು ಕೊನೆಗಿರಲಿ, ಆಲ್ಕೋಹಾಲ್ ಖಾರವನ್ನು ಕೆರಳಿಸುತ್ತದೆ.

ಸಣ್ಣ ವೈನರಿಯ ವೈನಾದರೆ ಒಂದೇ ಬ್ಯಾಚ್ ನಂಬರಿನ ಎರಡು ಬಾಟಲಿ ತನ್ನಿ. ದೋಷ ಎರಡರಲ್ಲೂ ಇದ್ದರೆ ವೈನರಿಯನ್ನು ಕೇಳಬಹುದು. ಒಂದರಲ್ಲೇ ಇದ್ದರೆ ಕಾರ್ಕ್ ಕಾರಣವಿರಬಹುದು. ಇನ್ನು ಕಾರ್ಕ್ ಕೂದಲೆಳೆಯಷ್ಟು ಮೇಲೆದ್ದು ಕತ್ತಿನ ಹೊದಿಕೆ ಅಂಟಂಟಾಗಿದ್ದರೆ, ಎರಡೂ ಬಾಟಲಿ ಬೆಂದ ಜಾಮ್‌ನಂತೆ ನಾರಿದರೂ ವೈನರಿಯನ್ನು ದೂರುವ ಮೊದಲು ಅವು ಕಾರಿನ ಡಿಕ್ಕಿಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಅರಬೈಲ್ ಘಟ್ಟ ಇಳಿದು ಬಂದವೇ ಎಂದು ವಿಚಾರಿಸಿ.