ರಾಯಚೂರಿನ ಬಿಸಿಲನ್ನು ಮಫ್ಲರ್‌ನಲ್ಲಿ ಹೆಣೆದದ್ದು

ರಾಯಚೂರಿನಲ್ಲಿ ಕುಳಿತು ಉಲ್ಲನ್ ಹೆಣೆಯುತ್ತೇನೆ ಎಂದರೆ ಜನ ನಗುತ್ತಾರೆ. ನಗಲಿ ಬಿಡಿ. ನಮ್ಮದು ಹತ್ತಿಯ ಮಾರುಕಟ್ಟೆಯ ಊರು. ಉಣ್ಣೆ ಬೇಕೆನಿಸುವುದು ಡಿಸೆಂಬರ್, ಜನವರಿಯ ನಸುಕಿನಲ್ಲಿ ಮಾತ್ರ. ಆದರೆ ನನ್ನ ಮಗಳ ಸಂಸಾರ ಇರುವುದು ಕೆನಡಾದ ಕ್ಯಾಲ್ಗರಿಯಲ್ಲಿ. ಅಲ್ಲಿ ಕುತ್ತಿಗೆಗೆ ಏನಾದರೂ ಸುತ್ತಿಕೊಳ್ಳದೆ ಹೊಸ್ತಿಲು ದಾಟುವಂತಿಲ್ಲ. ಹಾಗಾಗಿ ಅವಳಿಗೆ ಆಗಾಗ ಮಫ್ಲರ್ ಹೆಣೆದು ಕಳಿಸುವುದು ರೂಢಿಯಾಗಿತ್ತು.

ಫೋನೂ ರೂಢಿಯಾಗಿತ್ತು, ಆದರೆ ಮಾತು ಬತ್ತಿತ್ತು. "ಏನು ವಿಶೇಷ?" ಎಂದರೆ "ಏನಿಲ್ಲ ಅವ್ವ, ನಿಮ್ಮ ಕಡೆ ಏನು?" ಎನ್ನುತ್ತಿದ್ದಳು. ನಮ್ಮ ಕಡೆಯೂ ಏನಿರುತ್ತಿರಲಿಲ್ಲ. ಊಟ ಆಯಿತೇ, ಮಗು ಮಲಗಿತೇ, ಸರಿ ಇಡುತ್ತೇನೆ. ಸಿಂಧನೂರಿನಲ್ಲಿರುವ ನನ್ನ ತಮ್ಮನದೂ ಇದೇ ಕಥೆ. ವಿಶೇಷ ಕೇಳಿದರೆ ಯಾರಿಗೂ ವಿಶೇಷ ನೆನಪಾಗುವುದಿಲ್ಲ.

2024ರ ಜನವರಿಯಲ್ಲಿ ತಾಪಮಾನದ ಮಫ್ಲರ್ ಹೆಣೆಯಲು ಕುಳಿತೆ. ಇದು ನನ್ನ ತಲೆಯಿಂದ ಹುಟ್ಟಿದ್ದಲ್ಲ, ಹೆಣಿಗೆ ಮಾಡುವವರು ಎಷ್ಟೋ ದೇಶಗಳಲ್ಲಿ ಮಾಡುತ್ತಾರೆ. ಇಷ್ಟು ಡಿಗ್ರಿಗೆ ಇಂಥ ಬಣ್ಣ ಎಂದು ಗೊತ್ತು ಮಾಡಿಕೊಂಡು, ದಿನದ ಗರಿಷ್ಠ ಉಷ್ಣಾಂಶಕ್ಕೆ ತಕ್ಕ ಬಣ್ಣದಲ್ಲಿ ದಿನಕ್ಕೊಂದು ಪಟ್ಟೆ ಹಾಕುತ್ತಾ ವರ್ಷ ಮುಗಿಸುವುದು. ನಾನು ಜೊತೆಗೂಡಿಸಿದ್ದು ಎರಡನೆಯ ಮಫ್ಲರನ್ನು. ಒಂದರಲ್ಲಿ ರಾಯಚೂರು, ಇನ್ನೊಂದರಲ್ಲಿ ಕ್ಯಾಲ್ಗರಿ. ಕ್ಯಾಲ್ಗರಿಯ ಅಂಕಿ ಕಳಿಸುವುದು ಮೊಮ್ಮಗಳ ಕೆಲಸ.

ಮೊದಲು ಡಿಗ್ರಿಯ ಲೆಕ್ಕ ಹೇಳುತ್ತೇನೆ, ಏಕೆಂದರೆ ಚಂದ ನಿಂತಿರುವುದು ಅದರ ಮೇಲೆ. ಸಾಮಾನ್ಯವಾಗಿ ಐದು ಡಿಗ್ರಿಗೊಂದು ಬಣ್ಣ ಇಟ್ಟುಕೊಳ್ಳುತ್ತಾರೆ. ನಮ್ಮಲ್ಲಿ ಹಾಗೆ ಮಾಡಿದರೆ ಜನವರಿಯೂ ಆಗಸ್ಟೂ ಒಂದೇ ಬಣ್ಣದಲ್ಲಿ ಮುಳುಗುತ್ತವೆ. ಎರಡರಲ್ಲೂ ಮಧ್ಯಾಹ್ನದ ಬಿಸಿ ಮೂವತ್ತರ ಆಚೀಚೆಯೇ. ಆದ್ದರಿಂದ ರಾಯಚೂರಿಗೆ ಎರಡು ಡಿಗ್ರಿಗೊಂದು ಬಣ್ಣ. 28ಕ್ಕಿಂತ ಕೆಳಗೆ ಬದನೆಕಾಯಿ ನೇರಳೆ, 28-29 ಕಡು ನೀಲಿ, 30-31 ಆಕಾಶ ನೀಲಿ, 32-33 ಗಿಳಿ ಹಸಿರು, ಆಮೇಲೆ ತಿಳಿ ಹಳದಿ, ಅರಿಶಿನ, ಕಿತ್ತಳೆ, 40-41ಕ್ಕೆ ಇಟ್ಟಿಗೆ ಬಣ್ಣ, 42ರಿಂದ ಮೇಲೆ ಇಳಕಲ್ ಸೀರೆಯ ಸೆರಗಿನ ಕೆಂಪು. ಕ್ಯಾಲ್ಗರಿಗೆ ಇದೇ ಒಂಬತ್ತು ಬಣ್ಣ, ಆದರೆ ಏಳು ಡಿಗ್ರಿಗೊಂದು. ಅಲ್ಲಿನ ವರ್ಷ ಸೊನ್ನೆಗಿಂತ ಮೂವತ್ತು ಕೆಳಗಿನಿಂದ ಹಿಡಿದು ಮೂವತ್ತು ಮೇಲಿನವರೆಗೆ ಓಡಾಡುತ್ತದೆ.

ಅಂಕಿಗೆ ಒಂದೇ ಮೂಲ ಹಿಡಿಯಬೇಕು. ಪತ್ರಿಕೆ, ಮೊಬೈಲ್, ಟಿವಿ ಮೂರರಲ್ಲೂ ಒಂದೆರಡು ಡಿಗ್ರಿ ವ್ಯತ್ಯಾಸ ಇರುತ್ತದೆ, ಎರಡು ಡಿಗ್ರಿಯೆಂದರೆ ಇಲ್ಲಿ ಬಣ್ಣವೇ ಬದಲು. ಕ್ಯಾಲ್ಗರಿಯದು ಹೇಗೂ ಮರುದಿನವೇ. ಅಲ್ಲಿ ಮಧ್ಯಾಹ್ನ ಮೂರು ಗಂಟೆಯಾದಾಗ ನಮ್ಮಲ್ಲಿ ಚಳಿಗಾಲವಾದರೆ ನಸುಕಿನ ಮೂರೂವರೆ, ಬೇಸಿಗೆಯಾದರೆ ಎರಡೂವರೆ.

ಹೆಣಿಗೆ ಸರಳ. ಎರಡೂ ಬದಿ ನಿಟ್ ಅಂದರೆ ಸೀದಾ ಕುಣಿಕೆ ಹಾಕಿಕೊಂಡು ಹೋಗುವುದು, ಪರ್ಲ್ ಅಂದರೆ ಉಲ್ಟಾ ಕುಣಿಕೆ ಬೇಡ. ಹೀಗೆ ಹೆಣೆದರೆ ಎರಡು ಸಾಲಿಗೆ ಒಂದು ಏರು ಕಾಣುತ್ತದೆ. ಒಂದು ದಿನಕ್ಕೆ ಒಂದು ಏರು. ದಿನಕ್ಕೆ ಒಂದೇ ಸಾಲು ಹಾಕಿದರೆ ದಾರದ ತುದಿಗಳು ಒಂದು ದಿನ ಎಡಕ್ಕೆ, ಒಂದು ದಿನ ಬಲಕ್ಕೆ ಬರುತ್ತವೆ, ಉದ್ದವೂ ಸಾಲುವುದಿಲ್ಲ. ಎರಡು ಸಾಲಾದರೆ ಬಣ್ಣ ಬದಲಾಗುವುದು ಯಾವಾಗಲೂ ಒಂದೇ ಅಂಚಿನಲ್ಲಿ. 2024 ಅಧಿಕ ವರ್ಷವಾದ್ದರಿಂದ 366 ಏರು, ಅಂದರೆ 732 ಸಾಲು. ಎಂಟು ಎಳೆಯ ಅಕ್ರಿಲಿಕ್ ದಾರ, ಎಂಟನೇ ನಂಬರಿನ ಅಂದರೆ 4 ಮಿಲಿಮೀಟರಿನ ಕಡ್ಡಿ, ಕಡ್ಡಿಯ ಮೇಲೆ 40 ಕುಣಿಕೆ. ಹತ್ತಿರ ಹತ್ತಿರ 18 ಸೆಂಟಿಮೀಟರ್ ಅಗಲ, 165 ಸೆಂಟಿಮೀಟರ್ ಉದ್ದ ಬರುತ್ತದೆ. ಕಡ್ಡಿ ಕೊಳ್ಳುವಾಗ ಒಂದು ಎಚ್ಚರ: ಅಂಗಡಿಗಳಲ್ಲಿ ಸಿಗುವ ಹಳೆಯ ನಂಬರಿನಲ್ಲಿ ಅಂಕಿ ಹೆಚ್ಚಿದಷ್ಟೂ ಕಡ್ಡಿ ಸಣ್ಣದು.

ಕುರಿಯ ಉಣ್ಣೆಯಲ್ಲೇ ಏಕೆ ಹೆಣೆಯಬಾರದು ಎಂದು ತಮ್ಮ ಕೇಳಿದ. ನಮ್ಮ ದಖ್ಖನಿ ಕುರಿಯ ಉಣ್ಣೆ ಒರಟು. ಕಂಬಳಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಹುಣಸೆ ಬೀಜದ ಗಂಜಿ ಹಾಕಿ ನೇಯ್ದ ಕಂಬಳಿ ಮಳೆ ತಡೆಯುವುದನ್ನು ನೋಡಿದವರಿಗೆ ಗೊತ್ತು. ಆದರೆ ಕುತ್ತಿಗೆಗೆ ಚುಚ್ಚುತ್ತದೆ.

ಇನ್ನು ದಾರ. ಇಲ್ಲಿ ಉಲ್ಲನ್ ಉಂಡೆಗಳು ಬರುವುದೇ ಚಳಿಗಾಲದ ಹೊತ್ತಿಗೆ, ಬೇಸಿಗೆಯಲ್ಲಿ ಕೇಳಿದರೆ ಅಂಗಡಿಯವರು ನಮ್ಮನ್ನೇ ವಿಚಿತ್ರವಾಗಿ ನೋಡುತ್ತಾರೆ. ಆದ್ದರಿಂದ ಒಂಬತ್ತೂ ಬಣ್ಣ ನವೆಂಬರಿನಲ್ಲೇ ತಂದಿಟ್ಟೆ. ಉಂಡೆಯ ಚೀಟಿಯ ಮೇಲೆ ಬಣ್ಣದ ನಂಬರಿನ ಜೊತೆ ಲಾಟ್ ನಂಬರೂ, ಅಂದರೆ ಯಾವ ಸರದಿಯಲ್ಲಿ ಬಣ್ಣ ಅದ್ದಿದ ದಾರ ಎಂಬ ಗುರುತೂ ಇರುತ್ತದೆ. ಅದು ಬೇರೆಯಾದರೆ ಅದೇ ಕೆಂಪು ಅದೇ ಕೆಂಪಾಗಿರುವುದಿಲ್ಲ. ಹಸಿರನ್ನು ಹೆಚ್ಚು ಕೊಳ್ಳಿ. ರಾಯಚೂರು ಎಂದರೆ ಬರೀ ಕೆಂಪು ಎಂದುಕೊಳ್ಳುವವರಿಗೆ ಮಳೆಗಾಲದ ಮೂರ್ನಾಲ್ಕು ತಿಂಗಳು ನೆನಪಿರುವುದಿಲ್ಲ.

ಮೇ ತಿಂಗಳಲ್ಲಿ ಬೆವರಿದ ಕೈಯಲ್ಲಿ ದಾರ ಕಡ್ಡಿಗೆ ಅಂಟುತ್ತದೆ. ಬೆಳಗಿನ ಚಹಾದ ಹೊತ್ತಿಗೆ ಕುಳಿತರೆ ಈ ತಾಪತ್ರಯವಿಲ್ಲ. ಒಂದು ಏರಿಗೆ ಐದಾರು ನಿಮಿಷ ಸಾಕು.

ಈಗ ನಿಜವಾದ ಲಾಭ ಯಾವುದೆಂದು ಹೇಳುತ್ತೇನೆ. ಅಂಕಿ ಕೇಳಿದರೆ ಜನ ಅಂಕಿಯೊಂದನ್ನೇ ಹೇಳಿ ಸುಮ್ಮನಾಗುವುದಿಲ್ಲ. ಜನವರಿ 13ರಂದು ಮೊಮ್ಮಗಳು ಕಳಿಸಿದ್ದು ನೇರಳೆಯ ಅಂಕಿ. ಹಿಂದೆಯೇ ಅವಳ ಧ್ವನಿ: ಎಲ್ಲರ ಮೊಬೈಲೂ ಒಟ್ಟಿಗೆ ಕೂಗಿಕೊಂಡವು, ವಿದ್ಯುತ್ ಸಾಲುತ್ತಿಲ್ಲ, ದೀಪ ಆರಿಸಿ ಎಂದು ಸರ್ಕಾರ ಹೇಳುತ್ತಿದೆ, ಅಮ್ಮ ಪಾತ್ರೆ ತೊಳೆಯುವ ಯಂತ್ರ ನಿಲ್ಲಿಸಿದ್ದಾಳೆ. ಆಲ್ಬರ್ಟಾ ಪ್ರಾಂತ್ಯಕ್ಕೆ ಅದು ದೊಡ್ಡ ಸುದ್ದಿ. "ಕರೆಂಟು ಹೋಗುವುದು ಅಷ್ಟು ದೊಡ್ಡದೇ?" ಎಂದು ತಮ್ಮ ಬರೆದ. ಜೂನ್ 5ರಂದು ಕ್ಯಾಲ್ಗರಿಯ ಮುಖ್ಯ ನೀರಿನ ಕೊಳವೆಯೇ ಒಡೆಯಿತು, ಮನೆಯೊಳಗೂ ನೀರು ಮಿತವಾಗಿ ಬಳಸಿ ಎಂದು ಊರಿಗೆಲ್ಲ ಹೇಳಿದರು. ಆ ವಾರ ಮಗಳಿಗೆ ಒಂದು ಬಕೆಟ್ಟಿನಲ್ಲಿ ಸ್ನಾನ ಹೇಗೆ, ಅಕ್ಕಿ ತೊಳೆದ ನೀರು ಎಲ್ಲಿಗೆ ಎಂದು ಪಾಠ ಹೇಳಿದವರು ನಾವು. ಅವಳು ಇಷ್ಟು ಹೊತ್ತು ಫೋನ್ ಹಿಡಿದದ್ದು ನನಗೆ ನೆನಪಿಲ್ಲ.

ನಮ್ಮ ಕಡೆಯಿಂದಲೂ ಹೋಯಿತು. ಮೇ 7 ಲೋಕಸಭೆಯ ಮತದಾನ. ಬಿಸಿಲೇರುವ ಮೊದಲೇ ಹೋಗಿ ಬಂದು ಶಾಯಿ ಹಚ್ಚಿದ ಬೆರಳಿನ ಫೋಟೊ ಕಳಿಸಿದೆ. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋದಾಗ ತಮ್ಮನ ಸಂದೇಶಗಳಲ್ಲಿ ಡಿಗ್ರಿಯೇ ಇರಲಿಲ್ಲ, ಬರೀ ಅಣೆಕಟ್ಟಿನ ನೀರು ಅಳೆಯುವ ಟಿಎಂಸಿ. ಅವನ ಭತ್ತ ಎಡದಂಡೆ ಕಾಲುವೆಯ ನೀರಿನದು. ಹರಿಯುವ ನೀರಿಗೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ಗೇಟ್ ಇಳಿಸುವವರೆಗೆ ಆ ವಾರದ ಪಟ್ಟೆಗಳನ್ನು ನಾನು ಅವನೊಡನೆ ಮಾತಾಡುತ್ತಲೇ ಹೆಣೆದೆ. ಆದರೆ ಹೆಚ್ಚಿನ ದಿನಗಳ ಸುದ್ದಿ ಪತ್ರಿಕೆಗೆ ಬರುವಂಥದ್ದಲ್ಲ. ಉಪ್ಪಿನಕಾಯಿಗೆ ಮಾವು ಹೆಚ್ಚಿದ್ದು, ಮೊಮ್ಮಗಳ ಹಲ್ಲು ಬಿದ್ದದ್ದು, ಪಕ್ಕದ ಮನೆಯವರ ಕೂಲರ್ ಕೆಟ್ಟದ್ದು. ಇವನ್ನು ತಾರೀಖು, ಅಂಕಿ, ಬಣ್ಣದ ಜೊತೆ ಒಂದೊಂದು ಸಾಲಿನಲ್ಲಿ ನೋಟ್‌ಬುಕ್ಕಿಗೆ ಬರೆದಿಟ್ಟೆ.

ಎರಡನ್ನೂ ಪಕ್ಕಪಕ್ಕ ಹಾಸಿದರೆ ನಮ್ಮದು ನಿಧಾನವಾಗಿ ಬಣ್ಣ ಏರಿಸಿ ಇಳಿಸುತ್ತದೆ. ಕ್ಯಾಲ್ಗರಿಯದು ಚಳಿಗಾಲದ ನಡುವೆಯೇ ನೇರಳೆಯಿಂದ ಹಸಿರಿಗೆ, ಹಳದಿಗೆ ಜಿಗಿಯುತ್ತದೆ. ರಾಕಿ ಪರ್ವತ ಇಳಿದು ಬರುವ ಚಿನೂಕ್ ಎಂಬ ಬೆಚ್ಚನೆಯ ಗಾಳಿಯ ಕೆಲಸ ಅದು.

ದಾರದ ತುದಿಗಳನ್ನು ಕೊನೆಗೆಂದು ಬಿಡಬೇಡಿ. ಎರಡು ಮೂರು ದಿನದಲ್ಲಿ ಮರಳುವ ಬಣ್ಣವನ್ನು ಕತ್ತರಿಸದೆ ಅಂಚಿನಲ್ಲೇ ಮೇಲೆ ತನ್ನಿ, ಉಳಿದದ್ದನ್ನು ಮುಂದಿನ ಸಾಲು ಹೆಣೆಯುವಾಗಲೇ ಒಳಗೆ ಸೇರಿಸಿಕೊಳ್ಳಿ. ಅಕ್ರಿಲಿಕ್ಕಿಗೆ ಬಿಸಿ ಇಸ್ತ್ರಿ ತಾಗಿಸಬಾರದು, ಜೀವ ಹೋದಂತೆ ಚಪ್ಪಟೆಯಾಗುತ್ತದೆ.

ರಾಯಚೂರಿನದು ಕ್ಯಾಲ್ಗರಿಗೆ ಹೋಯಿತು, ಜೊತೆಗೆ ನೋಟ್‌ಬುಕ್ಕಿನ ನಕಲು. ಕ್ಯಾಲ್ಗರಿಯದನ್ನು ತಮ್ಮ ಸುತ್ತಿಕೊಂಡು ನಸುಕಿನಲ್ಲಿ ಗದ್ದೆಗೆ ಹೋಗುತ್ತಾನೆ. ಈಗ ಬಳ್ಳಾರಿಯ ತಂಗಿ ತನಗೂ ಬೇಕು, ಆದರೆ ಬೇಸಿಗೆಯಲ್ಲಿ ಹಾಕಿಕೊಳ್ಳುವಂತಿರಬೇಕು ಎಂದಿದ್ದಾಳೆ. ಅದಕ್ಕೆ ಹತ್ತಿ ದಾರ ತರಬೇಕು. ಹತ್ತಿ ಭಾರ, ಉಣ್ಣೆಯಂತೆ ಹಿಗ್ಗಿ ಕುಗ್ಗುವುದಿಲ್ಲ. ಆದ್ದರಿಂದ ನಾಲ್ಕು ಎಳೆಯದು, ಕುಣಿಕೆ ಮೂವತ್ತು ಸಾಕು.